ಬಾಗಿಲಲ್ಲಿ ಚಪ್ಪಲಿ ಇಲ್ಲದ ಮನೆ

ನೆದರ್‌ಲ್ಯಾಂಡ್ಸಿಗೆ ಹೋಗಿ ಬಂದೆ ಅಂದರೆ ಸಾಕು, ನಮ್ಮ ಯಲಹಂಕದ ರಸ್ತೆಯಲ್ಲಿ ಎಲ್ಲರೂ ಕೇಳುವುದು ಟ್ಯೂಲಿಪ್ ಹೂವಿನ ಸಮಾಚಾರ. ನಾವು ಹೋದದ್ದು ಹೂವಿನ ಕಾಲದಲ್ಲಲ್ಲ, ಅಕ್ಟೋಬರಿನ ಜಡಿಮಳೆಯಲ್ಲಿ. ಟ್ಯೂಲಿಪ್ಪಿನ ಒಂದು ಎಸಳನ್ನೂ ನೋಡಲಿಲ್ಲ ಎಂದರೆ ಜನ ಪಾಪ ಅನ್ನುತ್ತಾರೆ. ಹಾಗಾದರೆ ಅಷ್ಟು ದೂರ ಹೋಗಿ ನೋಡಿದ್ದೇನು ಅಂತ ಕೇಳಿದರೆ, ಸುಳ್ಳೇಕೆ, ಮಳೆ ನೀರು ತುಂಬಿದ ಎರಡು ಜೊತೆ ಬೂಟುಗಳನ್ನು ನೋಡಿದೆ. ಅವುಗಳ ಕಥೆಯನ್ನೇ ಹೇಳುತ್ತೇನೆ.

ಯಲಹಂಕ

ಹಳೇ ಯಲಹಂಕದಲ್ಲಿ ಅಪ್ಪ ಕಟ್ಟಿಸಿದ ಮನೆ ನಮ್ಮದು. ಕೆಳಗೆ ಅಣ್ಣ ಮತ್ತು ಅತ್ತಿಗೆ, ಮೇಲೆ ನಾನು. ನಾನು ಆರ್.ಟಿ. ನಗರದ ಒಂದು ಪಿಯು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಹೆಬ್ಬಾಳದ ಫ್ಲೈಓವರ್ ಮೇಲೆ ದಿನವೂ ಬಸ್ಸಿನಲ್ಲಿ ನಿಂತು ನಿಂತು ತಾಳ್ಮೆ ಕಲಿತಿದ್ದೇನೆ. ಅತ್ತಿಗೆ ಗಿರಿಜಾ ಬಾಗಲಕೋಟೆ ಕಡೆಯವರು. ಹತ್ತಿರದ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತಾರೆ, ಉಳಿದ ಹೊತ್ತಿನಲ್ಲಿ ಗೆಲಾಕ್ಸಿಗಳನ್ನು ತೂಗುತ್ತಾರೆ. ತೂಗುವುದು ಎಂದರೆ ಕಂಪ್ಯೂಟರಿನಲ್ಲಿ. ನಮ್ಮ ಅಣ್ಣ ಮಾತ್ರ ಇವತ್ತಿಗೂ ನೆಂಟರ ಹತ್ತಿರ, "ನಮ್ಮನೆಯೋಳು ಆಕಾಶದಲ್ಲಿ ತಕ್ಕಡಿ ಇಟ್ಕೊಂಡವ್ಳೆ" ಅನ್ನುತ್ತಾನೆ.

ಅತ್ತಿಗೆಯ ಅಡುಗೆಮನೆ ಕಿಟಕಿಯಿಂದ ನೋಡಿದರೆ ಬಾಗಿಲ ಮುಂದೆ ಬಿಟ್ಟ ಚಪ್ಪಲಿಗಳು ಕಾಣುತ್ತವೆ. ಸಂಜೆ ಯಾರೇ ಬಂದರೂ ಅತ್ತಿಗೆ ಹಾಲಿಗೆ ಬಂದು ಎಷ್ಟು ಜನ ಎಂದು ಎಣಿಸುವುದಿಲ್ಲ. ಕಿಟಕಿಯಲ್ಲಿ ಒಮ್ಮೆ ಇಣುಕಿ, ಜೊತೆ ಎಣಿಸಿ, ಅಷ್ಟು ಲೋಟ ನೀರನ್ನು ಟೀಗೆಂದು ಒಲೆಯ ಮೇಲಿಡುತ್ತಾರೆ. ಮದುವೆಯಾಗಿ ಬಂದಾಗಿನಿಂದ ಇದೇ ಪದ್ಧತಿ. ಲೆಕ್ಕ ತಪ್ಪುವುದು ಅಪರೂಪ. ಕೆಲವು ಸಂಜೆ ಒಂದು ಲೋಟ ಕಮ್ಮಿ ಬೀಳುತ್ತದೆ. ಆಗ ಯಾರಾದರೂ ಒಬ್ಬರು "ನಂಗೆ ಬೇಡ, ಈಗ್ತಾನೆ ಕುಡ್ದೆ" ಅಂದುಬಿಡುತ್ತಾರೆ, ಲೆಕ್ಕ ಸರಿಹೋಗುತ್ತದೆ.

"ಅಳತಿ ಅಂದಮ್ಯಾಲ ಅಷ್ಟು ಹೆಚ್ಚುಕಡಿಮಿ ಇರೂದ" ಎಂದು ಅತ್ತಿಗೆ ತಮ್ಮ ಪರವಾಗಿ ತಾವೇ ತೀರ್ಪು ಕೊಟ್ಟುಕೊಳ್ಳುತ್ತಾರೆ.

ಅವರಿಗೆ ನೆದರ್‌ಲ್ಯಾಂಡ್ಸಿನ ಒಂದು ಸಭೆಯಲ್ಲಿ ತಮ್ಮ ಕೆಲಸ ಮಂಡಿಸಲು ಕರೆ ಬಂತು. ಜೊತೆಗೆ ಅಣ್ಣ ಹೋಗಬೇಕಿತ್ತು. ಆದರೆ ಯಲಹಂಕದಲ್ಲಿ ಹುಟ್ಟಿ, ತಲೆಯ ಮೇಲೆ ದಿನವೂ ವಿಮಾನ ಹಾರುವುದನ್ನು ನೋಡಿ ಬೆಳೆದು, ಏರ್ ಶೋ ಬಂದರೆ ಇಡೀ ಬೀದಿಗೆ ವಿವರಣೆ ಕೊಡುವ ನಮ್ಮ ಅಣ್ಣ ವಿಮಾನ ಹತ್ತುವುದಿಲ್ಲ. "ಕೆಳಗ್ ನಿಂತು ನೋಡೋದ್ರಲ್ಲಿ ಇರೋ ಮಜಾ ಒಳಗ್ ಕೂತ್ರೆ ಇಲ್ಲ ಕಣೇ" ಎಂದ. ಭಯ ಎನ್ನುವ ಮಾತು ಅವನ ಬಾಯಲ್ಲಿ ಬರುವುದಿಲ್ಲ. ಹೀಗೆ ನನ್ನ ಪಾಲಿಗೆ ಪ್ರವಾಸ ಬಂತು.

ಹೊರಡುವ ದಿನ ಪಕ್ಕದ ಮನೆಯ ಮುನಿಯಮ್ಮಜ್ಜಿ ಬಂದರು. ಸಂಜೆಯ ಧಾರಾವಾಹಿ ನೋಡಲು ಆಗಾಗ ನಮ್ಮ ಮನೆಗೆ ಬರುವುದು ಅವರ ರೂಢಿ. ಕಾಲು ಮುಟ್ಟಿ ನಮಸ್ಕಾರ ಮಾಡಿದೆ. ಒಡೆದ ಹಿಮ್ಮಡಿಗಳು ಕೈಗೆ ಒರಟಾಗಿ ತಗುಲಿದವು. "ಉಸಾರಾಗಿ ಓಗ್ಬನ್ನಿ. ಅಲ್ಲೆಲ್ಲಾ ಸಳಿಯಂತೆ, ಕಾಲ್ ಬೆಚ್ಗಿಟ್ಕಳ್ಳಿ" ಎಂದು ಹರಸಿದರು.

ರೈಲಿನಲ್ಲಿ

ವಿಮಾನದಿಂದ ಇಳಿದು ಉತ್ತರದ ಗ್ರೋನಿಂಗೆನ್ ಊರಿಗೆ ರೈಲು ಹಿಡಿದೆವು. ಊರಿನ ಹೆಸರನ್ನು ಅಲ್ಲಿಯವರು ಹೇಳುವಾಗ ಮೊದಲು ಗಂಟಲು ಸರಿಮಾಡಿಕೊಂಡಂತೆ ಕೇಳುತ್ತದೆ. ಪಕ್ಕದಲ್ಲಿ ಕುಳಿತ ಹೆಂಗಸಿಗೆ ಶೀತವಾಗಿದೆ ಎಂದುಕೊಂಡು ಅತ್ತಿಗೆ ಅವರಿಗೆ ಶುಂಠಿ ಪೆಪ್ಪರ್‌ಮಿಂಟ್ ಕೊಟ್ಟರು. ಆಕೆ ಸಂತೋಷದಿಂದ ತಿಂದು ಮತ್ತೆ ಅದೇ ಹೆಸರು ಹೇಳಿದಳು. ಎದುರು ಸೀಟಿನಲ್ಲಿ ಕೋಟು ತೊಟ್ಟ ದೊಡ್ಡ ಮನುಷ್ಯನೊಬ್ಬ ಡಬ್ಬಿ ತೆಗೆದು, ಬೆಣ್ಣೆ ಸವರಿದ ಬ್ರೆಡ್ಡಿನ ಮೇಲೆ ಚಾಕೊಲೇಟ್ ಚೂರು ಉದುರಿಸಿಕೊಂಡು ಗಂಭೀರವಾಗಿ ತಿಂದ. ನಮ್ಮಲ್ಲಿ ಆ ವಯಸ್ಸಿನವರು ಹಾಗೆ ತಿಂದರೆ ಹೆಂಡತಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಾಳೆ.

ಕಿಟಕಿಯಾಚೆ ನೆಲ ಚಪ್ಪಟೆ. ಒಂದು ದಿಬ್ಬವಾದರೂ ಬೇಡವೇ? ನಂದಿಬೆಟ್ಟ ನೋಡಿ ರೂಢಿಯಾದ ಕಣ್ಣಿಗೆ ನೋಟ ಎಲ್ಲಿ ನಿಲ್ಲಿಸಬೇಕೋ ತಿಳಿಯದೆ, ನಾನು ಅತ್ತಿಗೆಯನ್ನೇ ಕೆಣಕಿದೆ.

"ಅತ್ತಿಗೆ, ಇಷ್ಟ್ ದೂರ ಬಂದಿದೀವಿ. ನೀವು ಅಲ್ಲಿ ಏನ್ ಹೇಳ್ತೀರ ಅಂತ ನಂಗಾದ್ರೂ ಒಂದ್ಸಲ ಹೇಳಿ."

"ನೋಡ ವನಜಾ" ಎಂದು ಅವರು ನೆಟ್ಟಗೆ ಕುಳಿತರು. "ಸೂರ್ಯನಿಂದ ದೂರ ಇದ್ದ ಗ್ರಹ ಮೆಲ್ಲಕ ತಿರಗತಾವ. ಗೆಲಾಕ್ಸಿಯೊಳಗೂ ಹಂಗ ಆಗಬೇಕಿತ್ತು. ನಕ್ಷತ್ರದ ಬೆಳಕು ಮುಗಿದ ಮ್ಯಾಲ, ಅಂಚಿನಾಗಿನ ಗ್ಯಾಸು ಮೆಲ್ಲಕ ತಿರಗಬೇಕು. ಆದ್ರ ಅದು ಒಳಗಿನಷ್ಟ ಜೋರ ತಿರಗತೈತಿ. ಅಷ್ಟು ಜೋರ ತಿರಗಿದ್ರ ಕಿತಗೊಂಡು ಹೋಗಬೇಕು. ಹೋಗವಲ್ದು. ಅಂದ್ರ ಯಾರೋ ಹಿಡದಾರ. ಹಿಡದವರು ಕಾಣವಲ್ರು."

"ಅದೇ ಡಾರ್ಕ್ ಮ್ಯಾಟರ್ರಾ?"

"ಬಾಳ ಮಂದಿ ಹಂಗ ಅಂತಾರ. ಕಾಣದ್ದೇನೂ ಇಲ್ಲ, ಜಗ್ಗೂ ಲೆಕ್ಕನ ನಮಗ ಪೂರಾ ತಿಳಿದಿಲ್ಲ ಅನ್ನೋರೂ ಅದಾರ. ನನ್ನ ಕೆಲಸ ಅದರ ಮಗ್ಗಲದ್ದು. ಕಾಣೂ ನಕ್ಷತ್ರ, ಕಾಣೂ ಗ್ಯಾಸು ಎರಡೂ ಕೂಡಿಸಿ ತೂಕ ಹಾಕಿದ್ರ, ಅಂಚು ಎಷ್ಟು ಜೋರ ತಿರಗತೈತಿ ಅಂತ ಹೇಳಿಬಿಡಬಹುದು. ಕಾಣೂದು ಸ್ವಲ್ಪ, ಕಾಣದ್ದ ಬಾಳ. ಆದ್ರೂ ಕಾಣೂದನ್ನ ನೋಡಿದ್ರ ಕಾಣದ್ದರ ಲೆಕ್ಕ ಸಿಗತೈತಿ. ಯಾಕ ಹಿಂಗ? ಅದ ಯಾರಿಗೂ ಸರಿಯಾಗಿ ಗೊತ್ತಿಲ್ಲ."

"ಗೊತ್ತಾಯ್ತು ಬಿಡಿ. ಚಪ್ಪಲಿ ನೋಡಿ ಟೀಗಿಟ್ಟಂಗೆ."

ನಾನು ಹಾಸ್ಯಕ್ಕೆ ಅಂದದ್ದು. ಅವರು ಹಿಗ್ಗಿದರು. "ಹೌದ! ಅದನ್ನ ನಾ ಕ್ಲಾಸಿನ್ಯಾಗ ದಿನಾ ಹೇಳತೀನಿ."

ನಂತರ ಲ್ಯಾಪ್‌ಟಾಪ್ ತೆಗೆದು ತಮ್ಮ ಚಿತ್ರ ತೋರಿಸಿದರು. ಒಂದು ಗೆರೆ, ಅದರ ಮೇಲೆ ಚುಕ್ಕಿಗಳು. ಒಂದೊಂದು ಚುಕ್ಕಿ ಒಂದೊಂದು ಗೆಲಾಕ್ಸಿ. ಎಲ್ಲ ಚುಕ್ಕಿಗಳೂ ಪ್ರಾರ್ಥನೆಗೆ ನಿಂತ ಮಕ್ಕಳಂತೆ ಗೆರೆ ಹಿಡಿದು ನಿಂತಿದ್ದವು. ಒಂದು ಮಾತ್ರ ಕೆಳಗೆ, ದೂರದಲ್ಲಿ, ತನಗೂ ಇದಕ್ಕೂ ಸಂಬಂಧವಿಲ್ಲ ಎನ್ನುವಂತೆ ಕುಳಿತಿತ್ತು. ಅದರ ತೂಕಕ್ಕೆ ಅದು ತಿರುಗಬೇಕಾದಷ್ಟು ಜೋರಾಗಿ ತಿರುಗುತ್ತಿರಲಿಲ್ಲ. ಮನೆಯಲ್ಲಿ ನಾವು ಅದಕ್ಕೆ ಇಟ್ಟ ಹೆಸರು ತರಲೆ.

ತರಲೆಯಿಂದಲೇ ತೊಂದರೆ. ಅತ್ತಿಗೆಗೆ ಹಿಂದೆ ಕಲಿಸಿದ ಮೇಷ್ಟ್ರು ಫೋನು ಮಾಡಿ, ಅದನ್ನು ಚಿತ್ರದಿಂದ ತೆಗೆದುಬಿಡು ಎಂದಿದ್ದರು. ಕಾರಣವೂ ಇತ್ತು. ಗೆಲಾಕ್ಸಿ ನಮ್ಮ ಕಡೆ ಎಷ್ಟು ವಾಲಿದೆ ಎಂದು ಸರಿಯಾಗಿ ಗೊತ್ತಾಗದಿದ್ದರೆ ವೇಗದ ಲೆಕ್ಕ ತಪ್ಪುತ್ತದೆ. ಎಷ್ಟು ವಾಲಿದೆ ಎಂಬುದು ಖಾತ್ರಿಯಿಲ್ಲ ಎಂದು ಹೇಳಿ ಒಂದನ್ನು ಕೈಬಿಟ್ಟರೆ ಯಾರೂ ಆಕ್ಷೇಪಿಸುವುದಿಲ್ಲವಂತೆ. ಆದರೆ ಅಷ್ಟೇ ವಾಲಿರುವ ಬೇರೆ ಗೆಲಾಕ್ಸಿಗಳು ಗೆರೆಯ ಮೇಲೆ ಇವೆ, ಅವನ್ನು ಇಟ್ಟುಕೊಂಡು ಇದನ್ನೊಂದನ್ನೇ ಹೇಗೆ ಹೊರಗೆ ಹಾಕುವುದು ಎಂಬುದು ಅತ್ತಿಗೆಯ ಸಂಕಟ.

"ತೆಗೆದುಬಿಡಿ ಅತ್ತಿಗೆ. ಒಂದ್ ಚುಕ್ಕಿ ತಾನೆ" ಎಂದೆ. ನನ್ನ ಸ್ವಾರ್ಥವೂ ಇತ್ತು. ಸಭೆಯ ಮುಖ್ಯಸ್ಥೆ ಮರೈಕೆ ಎಂಬ ಹಿರಿಯ ವಿಜ್ಞಾನಿ ಒಪ್ಪಿದರೆ ಅತ್ತಿಗೆಗೆ ಅಲ್ಲಿಯ ದೊಡ್ಡ ರೇಡಿಯೋ ದೂರದರ್ಶಕ ಬಳಸಲು ಸಮಯ ಸಿಗುತ್ತಿತ್ತು. ಹಿಂದೆ ಎರಡು ಸಲ ಕೇಳಿ, ಎರಡು ಸಲವೂ ಇಲ್ಲ ಎನ್ನಿಸಿಕೊಂಡಿದ್ದರು. "ಈ ಸಲಾನೂ ಆಗಲಿಲ್ಲಂದ್ರ ಸಾಕು. ಪಾಠ ಮಾಡಕೋತ ಇರತೀನಿ" ಎಂದು ಹೊರಡುವ ಮೊದಲೇ ಹೇಳಿದ್ದರು. ಅವರು ಒಂದು ಮಾತು ಆಡಿದರೆ ಹಾಗೆಯೇ ಮಾಡುವವರು. ಗೆಲಾಕ್ಸಿ ಬಿಟ್ಟ ಅತ್ತಿಗೆಯನ್ನು ಮನೆಯಲ್ಲಿ ನೋಡುವ ಧೈರ್ಯ ನನಗಿರಲಿಲ್ಲ.

ಹುಟ್ಟುಹಬ್ಬ

ಊರು ಸೈಕಲ್ಲುಗಳದು. ಮಂತ್ರಿಯಂತೆ ಕಾಣುವವರೂ ಸೈಕಲ್ಲು, ಅಜ್ಜಿಯರೂ ಸೈಕಲ್ಲು, ಮಳೆಯಲ್ಲಿ ಒಂದು ಕೈಯಲ್ಲಿ ಕೊಡೆ ಹಿಡಿದು ಹೋಗುವವರೂ ಇದ್ದಾರೆ. ಮೊದಲ ದಿನ ನಾನು ಅವರ ಸೈಕಲ್ ದಾರಿಯಲ್ಲಿ ನಿಂತು ಅಣ್ಣನಿಗೆ ವೀಡಿಯೊ ಮಾಡುತ್ತಿದ್ದೆ. ಹೋದವರೆಲ್ಲ ಬೆಲ್ ಹೊಡೆದು ನಕ್ಕರು. ಎಷ್ಟು ಸ್ನೇಹದ ಜನ ಎಂದುಕೊಂಡು ನಾನೂ ಕೈ ಬೀಸಿದೆ. ಅವರು ನನ್ನನ್ನು ದಾರಿ ಬಿಡು ಎನ್ನುತ್ತಿದ್ದರು ಎಂದು ತಿಳಿದದ್ದು ಸಂಜೆ.

ಅತ್ತಿಗೆಯ ಭಾಷಣದ ಹಿಂದಿನ ದಿನ ಮರೈಕೆಯ ಹುಟ್ಟುಹಬ್ಬ. ದೂರದಿಂದ ಬಂದವರನ್ನೆಲ್ಲ ಸಂಜೆಗೆ ಮನೆಗೆ ಕರೆದಿದ್ದರು. ಅತ್ತಿಗೆ ಯಲಹಂಕದಿಂದ ತಂದ ಮೈಸೂರ್‌ಪಾಕಿನ ಡಬ್ಬಿ ಹಿಡಿದುಕೊಂಡರು. ಭಾಷಣಕ್ಕೆಂದು ಕೊಂಡಿದ್ದ ಹೊಸ ಕರಿ ಬೂಟು ಹಾಕಿಕೊಂಡರು. ಸ್ವಲ್ಪ ಕಚ್ಚುತ್ತದೆ, ನಾಳೆಗೆ ರೂಢಿಯಾಗಲಿ ಎಂದು.

ಕರೆದ ಹೊತ್ತಿಗೆ ಸರಿಯಾಗಿ ಆ ಮನೆಯ ಮುಂದೆ ನಿಂತೆವು. ಮೆಟ್ಟಿಲು ನೋಡಿ ಅತ್ತಿಗೆ ತಡೆದರು.

"ಒಂದ ಚಪ್ಪಲಿನೂ ಇಲ್ಲ. ಇನ್ನೂ ಯಾರೂ ಬಂದಿಲ್ಲ."

"ಮೊದ್ಲೇ ಹೋಗಿ ಕೂತ್ರೆ ಕೇಕಿಗೆ ಕಾಯ್ಕೊಂಡ್ ಕೂತಿದ್ರು ಅಂತಾರೆ" ಎಂದೆ. ನಮ್ಮಲ್ಲಿ ಆರಕ್ಕೆ ಕರೆದರೆ ಏಳಕ್ಕೆ ಹೋಗುವವರು ಮರ್ಯಾದಸ್ಥರು.

ಹತ್ತಿರದ ಕಾಲುವೆಯ ದಂಡೆಗೆ ಹೋಗಿ ಬಾತುಕೋಳಿ ನೋಡಿದೆವು. ಮತ್ತೆ ಬಂದು ಮೆಟ್ಟಿಲು ನೋಡಿದೆವು. ಖಾಲಿ. ಇನ್ನೊಂದು ಸುತ್ತು ಹೋಗಿ ಬಂದೆವು. ಆಗಲೂ ಖಾಲಿ. ಆ ಊರಿನ ಮನೆಗಳಿಗೆ ಬಾಗಿಲಿನಷ್ಟು ದೊಡ್ಡ ಕಿಟಕಿಗಳು, ಪರದೆ ಇಲ್ಲ. ಒಮ್ಮೆ ತಲೆ ಎತ್ತಿದ್ದರೆ ಎಲ್ಲ ಕಾಣುತ್ತಿತ್ತು. ಆದರೆ ಪರರ ಮನೆಯೊಳಗೆ ಇಣುಕಬಾರದೆಂದು ಅಮ್ಮ ಹೇಳಿಕೊಟ್ಟಿದ್ದರಿಂದ ಇಬ್ಬರೂ ಶಿಸ್ತಾಗಿ ನೆಲವನ್ನೇ ನೋಡಿಕೊಂಡು ಓಡಾಡಿದೆವು.

"ಪಾಪ, ಯಾರೂ ಬರಲೇ ಇಲ್ಲ" ಎಂದು ಅತ್ತಿಗೆಗೆ ಮರುಕ ಬಂತು. ಕೊನೆಗೆ ಬೆಲ್ ಒತ್ತಿದೆವು. ಬೂಟು ಬಿಚ್ಚಿ ಮೆಟ್ಟಿಲ ಮೇಲೆ ಜೋಡಿಸಿ, ಹೆಬ್ಬೆರಳು ಬೇರೆಯಿರುವ ನಮ್ಮ ಸಾಕ್ಸಿನಲ್ಲಿ ಒಳಗೆ ಹೆಜ್ಜೆ ಇಟ್ಟೆವು.

ಹಾಲಿನ ತುಂಬ ಜನ. ಗೋಡೆಗೆ ಬೆನ್ನು ಮಾಡಿ ಹಾಕಿದ ಕುರ್ಚಿಗಳಲ್ಲಿ ಸುತ್ತಲೂ ಕುಳಿತಿದ್ದಾರೆ. ಎಲ್ಲರ ಕಾಲಲ್ಲೂ ಬೂಟು. ಎಲ್ಲರ ಕಣ್ಣೂ ನಮ್ಮ ಹೆಬ್ಬೆರಳುಗಳ ಮೇಲೆ.

"ತಡವಾಗಿ ಬಂದಿರಿ" ಎಂದರು ಮರೈಕೆ, ಸ್ವಾಗತದ ಬದಲು. ಎತ್ತರದ ಹೆಂಗಸು, ಬಿಳಿ ಕೂದಲು, ಮಾತಿಗೆ ಸಕ್ಕರೆ ಹಚ್ಚುವ ಅಭ್ಯಾಸವಿಲ್ಲ. "ಮೂರು ಸಲ ಕಿಟಕಿಯ ಮುಂದೆ ಹಾದುಹೋದದ್ದನ್ನು ಎಲ್ಲರೂ ನೋಡಿದೆವು. ನನ್ನ ಕಂಡರೆ ಭಯವೇ? ಕೇಕು ನಿಮಗಾಗಿ ಕಾದಿದೆ."

ಆ ನಾಡಿನಲ್ಲಿ ಹುಟ್ಟುಹಬ್ಬ ಇರುವವರಿಗೆ ಮಾತ್ರವಲ್ಲ, ಅವರ ಗಂಡನಿಗೆ, ತಂಗಿಗೆ, ಪಕ್ಕದ ಮನೆಯವನಿಗೆ, ಎಲ್ಲರಿಗೂ ಕೈ ಕುಲುಕಿ ಅಭಿನಂದನೆ ಹೇಳಬೇಕು. ಪಕ್ಕದ ಮನೆಯವನು ಏನು ಸಾಧಿಸಿದ್ದ ಎಂದು ನನಗೆ ತಿಳಿಯಲಿಲ್ಲ, ಆದರೂ ಅವನು ಬಹಳ ವಿನಯದಿಂದ ಸ್ವೀಕರಿಸಿದ. ಸುತ್ತು ಮುಗಿಸಿ ಕುಳಿತೆವು. ಕೇಕು ಬಂತು. ತಲೆಗೆ ಒಂದು ತುಂಡು, ನಮ್ಮಿಬ್ಬರದೂ ಸೇರಿ. ಕಾಫಿಯ ಜೊತೆ ತಲೆಗೊಂದು ಬಿಸ್ಕತ್ತು ಕೊಟ್ಟು ಡಬ್ಬಿಯ ಮುಚ್ಚಳ ಹಾಕಿದರು. ಮೈಸೂರ್‌ಪಾಕಿಗೂ ಅದೇ ಗತಿಯಾಯಿತು. ಇನ್ನೊಂದು ತಗೊಳ್ಳಿ ಎಂದು ಬಲವಂತ ಮಾಡುವ ಸಂಪ್ರದಾಯವಿಲ್ಲದ ನಾಡಿನಲ್ಲಿ ಡಬ್ಬಿ ಹೇಗೆ ಖಾಲಿಯಾಗುತ್ತದೋ ನನಗೆ ಗೊತ್ತಿಲ್ಲ.

ಹೊರಡುವ ಹೊತ್ತಿಗೆ ಬಾಗಿಲು ತೆರೆದರೆ ಮಳೆ. ಮೆಟ್ಟಿಲ ಮೇಲೆ ನಮ್ಮ ಎರಡು ಜೊತೆ ಬೂಟುಗಳು ಬಾಯಿ ಮೇಲೆ ಮಾಡಿ ನೀರು ಕುಡಿಯುತ್ತಿದ್ದವು. ಇಡೀ ರಸ್ತೆಯಲ್ಲಿ ಬೂಟು ಹೊರಗೆ ಬಿಟ್ಟವರು ನಾವಿಬ್ಬರೇ. ಮರೈಕೆ ಏನೂ ಕೇಳದೆ ಒಳಗೆ ಹೋಗಿ, ತೋಟದ ಕೆಲಸಕ್ಕೆ ಇಟ್ಟಿದ್ದ ಎರಡು ಜೊತೆ ರಬ್ಬರ್ ಬೂಟು ತಂದರು. ನನ್ನದು ಹಸಿರು. ಅತ್ತಿಗೆಯದು ಅಚ್ಚ ಹಳದಿ, ಮೊಣಕಾಲಿನವರೆಗೆ, ಒಳಗೆ ಇನ್ನೊಂದು ಪಾದಕ್ಕೆ ಜಾಗವಿತ್ತು.

ದಾರಿಯುದ್ದಕ್ಕೂ ಅವು ಪಚಕ್ ಪಚಕ್ ಎಂದವು. ನಾನು ನಕ್ಕು ನಕ್ಕು ಸುಸ್ತಾದೆ. ಅತ್ತಿಗೆ ಮಾತ್ರ ನಗಲಿಲ್ಲ.

"ವನಜಾ, ಒಂದ ಚಪ್ಪಲಿ ಇರಲಿಲ್ಲ. ಮನಿ ತುಂಬ ಮಂದಿ ಇದ್ರು" ಎಂದರು.

ಹಳದಿ ಬೂಟು

ಬೆಳಗ್ಗೆ ಎದ್ದರೆ ಕೋಣೆಯ ಹೀಟರಿನ ಮೇಲೆ ಒಣಗಲಿಟ್ಟಿದ್ದ ಕರಿ ಬೂಟು ಒಣಗಿರಲಿಲ್ಲ, ಬದಲಿಗೆ ಮೂತಿ ಮೇಲೆತ್ತಿಕೊಂಡು ಸೊಟ್ಟಗಾಗಿತ್ತು. ಅತ್ತಿಗೆ ಇಳಕಲ್ ಸೀರೆ ಉಟ್ಟು ಲ್ಯಾಪ್‌ಟಾಪಿನ ಮುಂದೆ ಕುಳಿತಿದ್ದರು. ತರಲೆ ಇಲ್ಲದ ಚಿತ್ರವೊಂದು, ತರಲೆ ಇರುವ ಚಿತ್ರವೊಂದು, ಎರಡೂ ತೆರೆದಿದ್ದವು. ಮೊದಲನೆಯದು ನೋಡಲು ಎಷ್ಟು ಚೆಂದವಿತ್ತು!

ಅಣ್ಣನ ಫೋನು ಬಂತು. ನಾನು ಸ್ಪೀಕರಿಗೆ ಹಾಕಿದೆ.

"ಏನ್ ಮಾಡಿದ್ಯೆ ಗಿರಿಜಾ? ಮೇಷ್ಟ್ರು ಹೇಳ್ದಂಗೆ ತರಲೇನ ತೆಗೆದ್ಯಾ?"

"ಇಲ್ರೀ. ಇಡತೀನಿ."

"ಅವ್ರು ಒಪ್ಪದಿದ್ರೆ?"

ಅತ್ತಿಗೆ ತರಲೆ ಇಲ್ಲದ ಚಿತ್ರವನ್ನು ಮುಚ್ಚಿದರು. "ಒಪ್ಪದಿದ್ರ ಇಲ್ಲ. ನಿನ್ನಿ ಆ ಮನಿ ನೋಡಿ ಬಂದ ಮ್ಯಾಲ ತೆಗಿಯಾಕ ಮನಸ್ಸು ಬರವಲ್ದು. ಯಲಹಂಕದಾಗ ಸರಿ ಬರೂ ಲೆಕ್ಕ ಇಲ್ಲಿ ತಪ್ಪಿತು. ಅದಕ್ಕಂತ ಆ ಮನಿನ ಇಲ್ಲ ಅನ್ನಾಕ ಬರತೈತೇನು? ತೆಗದ್ರ ನನ್ನ ಗೆರಿ ಚೆಂದ ಆಗತೈತಿ. ಖರೇ ಆಗೂದಿಲ್ಲ."

 ಅಣ್ಣ ಆ ಕಡೆಯಿಂದ, "ಕುಕ್ಕರ್ ಗ್ಯಾಸ್ಕೆಟ್ ಎಲ್ಲಿಟ್ಟಿದ್ಯಾ?" ಎಂದು ಕೇಳಿದ. ಅವನಿಗೆ ಮನಸ್ಸು ತುಂಬಿದಾಗಲೆಲ್ಲ ಅಡುಗೆಮನೆಯ ವಸ್ತು ನೆನಪಾಗುತ್ತದೆ.

ಕೆಂಪು ಅಂಚಿನ ಸೀರೆ, ಅದರ ಕೆಳಗೆ ಹಳದಿ ರಬ್ಬರ್ ಬೂಟು. ಅತ್ತಿಗೆ ವೇದಿಕೆ ಹತ್ತುವಾಗ ಪಚಕ್ ಎಂದ ಸದ್ದು ಕೊನೆಯ ಸಾಲಿನಲ್ಲಿ ಕುಳಿತ ನನಗೂ ಕೇಳಿಸಿತು. ಒಂದಿಬ್ಬರು ನಕ್ಕರು. ಅತ್ತಿಗೆ ಗೆರೆ ತೋರಿಸಿದರು, ಚುಕ್ಕಿ ತೋರಿಸಿದರು, ಕಾಣುವ ನಕ್ಷತ್ರ ಮತ್ತು ಗ್ಯಾಸಿನ ತೂಕ ಕೂಡಿಸಿದರೆ ಕಾಣದ್ದರ ಹಿಡಿತ ಹೇಗೆ ತಿಳಿಯುತ್ತದೆ ಎಂದು ವಿವರಿಸಿದರು. ಕೊನೆಗೆ ತರಲೆಯ ಮೇಲೆ ಬೆರಳಿಟ್ಟು, "ಇದು ಸರಿ ಹೊಂದುವುದಿಲ್ಲ, ಏಕೆಂದು ನನಗೆ ಗೊತ್ತಿಲ್ಲ" ಎಂದರು.

ಪ್ರಶ್ನೆ ಕೇಳಲು ಮರೈಕೆ ಎದ್ದರು. 

"ಅದು ಎಷ್ಟು ವಾಲಿದೆ ಎಂಬುದೇ ಅನುಮಾನ. ತೆಗೆದಿದ್ದರೆ ನಾವು ಯಾರೂ ಕೇಳುತ್ತಿರಲಿಲ್ಲ. ಯಾಕೆ ಇಟ್ಟಿರಿ?"

"ಅಷ್ಟೇ ವಾಲಿರುವ ಬೇರೆಯವನ್ನು ಇಟ್ಟುಕೊಂಡಿದ್ದೇನೆ" ಎಂದರು ಅತ್ತಿಗೆ. ಆಮೇಲೆ ತಮ್ಮ ಕಾಲು ನೋಡಿಕೊಂಡರು. "ಇನ್ನೊಂದು ಕಾರಣವಿದೆ. ನಮ್ಮೂರಿನಲ್ಲಿ ಬಾಗಿಲ ಮುಂದಿನ ಚಪ್ಪಲಿ ಎಣಿಸಿ ಒಳಗೆ ಎಷ್ಟು ಜನ ಇದ್ದಾರೆಂದು ಹೇಳುತ್ತೇವೆ. ಅದು ಎಲ್ಲ ಊರಿಗೂ ಸಲ್ಲುವ ನಿಯಮ ಎಂದುಕೊಂಡಿದ್ದೆ. ನಿನ್ನೆ ನಿಮ್ಮ ಮೆಟ್ಟಿಲ ಮೇಲೆ ಒಂದೂ ಇರಲಿಲ್ಲ, ಹಾಗಾಗಿ ಬಾತುಕೋಳಿ ನೋಡುತ್ತ ಕುಳಿತೆವು."

ಮೊದಲು ಮರೈಕೆಯ ಗಂಡ ನಕ್ಕ, ಆಮೇಲೆ ಇಡೀ ಸಭೆ ನಕ್ಕಿತು. ಮರೈಕೆ ನಗಲಿಲ್ಲ.

"ನಿಮ್ಮ ಗೆರೆಯಂಥದ್ದನ್ನು ಬೇರೆಯವರೂ ತೋರಿಸಿದ್ದಾರೆ. ಅದಕ್ಕಾಗಿ ನಾನು ದೂರದರ್ಶಕ ತಿರುಗಿಸುವುದಿಲ್ಲ. ಆ ಒಂದು ಚುಕ್ಕಿಗೆ ತಿರುಗಿಸುತ್ತೇನೆ. ಅದಕ್ಕೆ ಮಾತ್ರ ಅರ್ಜಿ ಹಾಕಿ. ಬೂಟು ನೀವೇ ಇಟ್ಟುಕೊಳ್ಳಿ" ಎಂದು ಕುಳಿತುಬಿಟ್ಟರು.

ಕೇಳಿದ್ದರಲ್ಲಿ ಎಲ್ಲವೂ ಸಿಗಲಿಲ್ಲ, ಸಿಕ್ಕಿದ್ದು ತರಲೆಯೊಂದೇ. ಅತ್ತಿಗೆ ವೇದಿಕೆಯಿಂದ ಇಳಿದು ಬಂದು ನನ್ನ ಪಕ್ಕ ಕುಳಿತು, ಯಾರಿಗೂ ಕಾಣದಂತೆ ನನ್ನ ಕೈಯನ್ನು ಬಿಗಿಯಾಗಿ ಹಿಡಿದರು. ನನಗೆ ಅಳು ಬಂತು. ಬೂಟು ನೋಡಿ ನಗುತ್ತಿದ್ದೇನೆ ಎಂದು ಪಕ್ಕದವರು ತಿಳಿದುಕೊಂಡರು.

ಮತ್ತೆ ಯಲಹಂಕ

ಬಂದ ಮೇಲೆ ಪ್ರವಾಸದ ಸುದ್ದಿ ಕೇಳಲು ಸಂಜೆ ಮನೆ ತುಂಬ ಜನ. ತಣಿಸಂದ್ರದಿಂದ ಚಿಕ್ಕಮ್ಮನ ಮನೆಯವರು, ಅತ್ತಿಗೆಯ ಕಾಲೇಜಿನವರು, ಟಿವಿಯ ಹತ್ತಿರ ಎಂದಿನ ಜಾಗದಲ್ಲಿ ಮುನಿಯಮ್ಮಜ್ಜಿ. ಅಣ್ಣ ತಾನೇ ನೆದರ್‌ಲ್ಯಾಂಡ್ಸಿಗೆ ಹೋಗಿ ಬಂದವನಂತೆ ಸೈಕಲ್ ದಾರಿಯ ನಿಯಮ ವಿವರಿಸುತ್ತಿದ್ದ.

ಅತ್ತಿಗೆ ಅಡುಗೆಮನೆ ಕಿಟಕಿಯಲ್ಲಿ ಇಣುಕಿದರು. ಚಪ್ಪಲಿ ಎಣಿಸಿ, ನೀರು ಅಳೆದು ಒಲೆಯ ಮೇಲಿಟ್ಟರು. ಆಮೇಲೆ ಏನನ್ನಿಸಿತೋ, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹಾಲಿನ ಬಾಗಿಲಿಗೆ ಬಂದು ನಿಂತು, ತಲೆಗಳನ್ನು ಎಣಿಸಿದರು. ಮತ್ತೊಮ್ಮೆ ಎಣಿಸಿದರು. ಹೊರಗೆ ಹೋಗಿ ಚಪ್ಪಲಿಗಳನ್ನು ನೋಡಿ ಬಂದರು. ಒಂದು ಜೊತೆ ಕಮ್ಮಿ. ಒಳಗೆ ಬಂದವರೆಲ್ಲ ಬರಿಗಾಲಲ್ಲೇ ಇರುತ್ತಾರೆ, ಹಾಗಾಗಿ ನಾವು ಯಾರೂ ಇಷ್ಟು ವರ್ಷ ಗಮನಿಸಿರಲಿಲ್ಲ.

"ಅಜ್ಜಿ, ನಿಮ್ಮ ಚಪ್ಪಲಿ ಎಲ್ಲದಾವ್ರೀ?"

"ನಾನ್ಯಾವತ್ತವ್ವ ಚಪ್ಪಲಿ ಮೆಟ್ಟಿದ್ದು?" ಎಂದರು ಮುನಿಯಮ್ಮಜ್ಜಿ, ಟಿವಿಯಿಂದ ಕಣ್ಣು ತೆಗೆಯದೆ. "ಗ್ವಾಡೆ ಪಕ್ಕದ್ಮನೆ. ಇಂಗೆ ಬತ್ತೀನಿ, ಅಂಗೆ ಓಯ್ತೀನಿ."

ಅತ್ತಿಗೆ ಅಲ್ಲಿಯೇ ನಿಂತರು. ಒಂದು ಲೋಟ ಕಮ್ಮಿ ಬಿದ್ದ ಸಂಜೆಗಳೆಲ್ಲ ನನಗೂ ನೆನಪಾದವು. ತಟ್ಟೆ ಹತ್ತಿರ ಬರುವ ಮೊದಲೇ ಲೋಟಗಳ ಕಡೆ ಒಮ್ಮೆ ನೋಡಿ, ನಂಗ್ಯಾಕವ್ವ, ಈಗ್ತಾನೆ ಕುಡ್ದೆ ಎಂದು ಹೇಳುತ್ತಿದ್ದುದು ಯಾವಾಗಲೂ ಅವರೇ.

ಅತ್ತಿಗೆ ಅಜ್ಜಿಯ ಪಕ್ಕ ನೆಲದ ಮೇಲೆ ಕುಳಿತರು. "ಅಜ್ಜಿ, ಖರೇ ಹೇಳ್ರಿ. ನಿಮಗ ಚಾ ಬೇಕೋ, ಬ್ಯಾಡೋ?"

ಅಜ್ಜಿ ಮೊದಲ ಸಲ ಟಿವಿಯಿಂದ ಮುಖ ತಿರುಗಿಸಿದರು. ನಮ್ಮನ್ನೆಲ್ಲ ಒಬ್ಬೊಬ್ಬರಾಗಿ ನೋಡಿದರು. ಆಮೇಲೆ ಅತ್ತಿಗೆಯ ಕಿವಿಯ ಹತ್ತಿರ ಬಾಗಿ, ಮೆಲ್ಲಗೆ ಹೇಳಿದರು.

"ಸಕ್ರೆ ಒಸಿ ಜಾಸ್ತಿ ಆಕವ್ವ."